ಅಪ್ಪ ಘಾಟಿಯಲ್ಲಿ ಕೀಮ್ಯಾನ್ ಆಗಿದ್ದರು. ಎಡಕುಮೇರಿ, ಕಡಗರವಳ್ಳಿ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಕೀಮ್ಯಾನ್ ಮಗಳು:

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ನಾನು ಬರೆದಿದ್ದು ಕಡಿಮೆ, ಓದಿದ್ದೇ ಜಾಸ್ತಿ. ಹೋದ ತಿಂಗಳು ನಮ್ಮಪ್ಪ ತೀರಿಕೊಂಡರು. 73 ವರ್ಷ ಆಗಿತ್ತು. ರೈಲ್ವೆಯಲ್ಲಿದ್ದರು ಅಂದ ಕೂಡಲೇ ಜನ ‘ಸ್ಟೇಷನ್ ಮಾಸ್ಟರಾ? ಡ್ರೈವರಾ?’ ಅಂತ ಕೇಳುತ್ತಾರೆ. ಎರಡೂ ಅಲ್ಲ. ಕೂಲಿಯಾಗಿ ಸೇರಿ, ಹಳಿ ರಿಪೇರಿಯ ಗ್ಯಾಂಗ್‌ಮ್ಯಾನ್ ಆಗಿ, ದಿನಾ ಹಳಿ ನೋಡಿಕೊಂಡು ನಡೆಯುವ ಕೀಮ್ಯಾನ್ ಆಗಿ, ಕೊನೆಗೆ ಗ್ಯಾಂಗಿನ ಮುಖ್ಯಸ್ಥ, ಅಂದರೆ ಮೇಟ್ ಆಗಿ 2012ರಲ್ಲಿ ನಿವೃತ್ತರಾದರು. ಸರ್ವೀಸಿನ ಹೆಚ್ಚು ಪಾಲು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲೇ ಕಳೆಯಿತು.

ತಿಥಿ ಮುಗಿದ ಮೇಲೆ ಅಟ್ಟದಲ್ಲಿದ್ದ ತಗಡಿನ ಟ್ರಂಕ್ ಇಳಿಸಿದೆವು. ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಮಾಡಿಸಬೇಕಲ್ಲ, ಕಾಗದ ಹುಡುಕಬೇಕಿತ್ತು. ಪಿಪಿಒ, ಅಂದರೆ ಪೆನ್ಷನ್ ಆದೇಶ ಪತ್ರ, ಮೇಲೇ ಇತ್ತು. ಅದರ ಕೆಳಗೆ ಒಂದು ಚಿಕ್ಕ ಪುಸ್ತಕ. ರಟ್ಟು ಕಿತ್ತುಹೋಗಿ, ಅನ್ನದ ಅಗುಳಿನಿಂದ ಅಂಟಿಸಿದ್ದು. ಕ್ಯಾಶುಯಲ್ ಲೇಬರ್ ಸರ್ವೀಸ್ ಕಾರ್ಡ್, ಅಂದರೆ ದಿನಗೂಲಿಯವರು ಕೆಲಸ ಮಾಡಿದ ದಿನಗಳ ಲೆಕ್ಕ. 1974ರಿಂದ ಶುರು. ಇಷ್ಟು ದಿನ ಕೆಲಸ, ಆಮೇಲೆ ಬ್ರೇಕ್. ಮತ್ತೆ ಇಷ್ಟು ದಿನ, ಮತ್ತೆ ಬ್ರೇಕ್. ಪ್ರತಿ ಸಾಲಿನ ಕೊನೆಗೂ ನೀಲಿ ಹೆಬ್ಬೆಟ್ಟು. ನಾಲ್ಕನೇ ಪುಟದಲ್ಲಿ ಇದ್ದಕ್ಕಿದ್ದಂತೆ ಹೆಬ್ಬೆಟ್ಟು ನಿಂತು ಸಹಿ ಶುರುವಾಗುತ್ತದೆ. ದಪ್ಪ ಅಕ್ಷರ, ಗೆರೆ ಮೀರಿ ಹೋಗಿದೆ. ಅಮ್ಮನಿಗೆ ತೋರಿಸಿದೆ. ‘ನಾನೇ ಕಲಿಸಿದ್ದು, ಮೊರದಲ್ಲಿ ಅಕ್ಕಿ ಹರವಿ’ ಅಂದರು. ಮದುವೆಯಾದ ವರ್ಷ ಅಂತೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಇಷ್ಟು ವರ್ಷ ಈ ಮಾತು ಇಬ್ಬರ ಬಾಯಿಂದಲೂ ಬಂದಿರಲಿಲ್ಲ.

ಅಪ್ಪ ಕೆಲಸದ ಬಗ್ಗೆ ಮನೆಯಲ್ಲಿ ಮಾತಾಡಿದವರೇ ಅಲ್ಲ. ನಮಗೆ ಗೊತ್ತಿದ್ದಿದ್ದು ಅವರ ನಡಿಗೆ. ಹೆಜ್ಜೆ ಚಿಕ್ಕದು, ಒಂದೇ ಅಳತೆ. ಹಳಿ ಕೆಳಗೆ ಅಡ್ಡಕ್ಕೆ ಹಾಕಿದ ಸ್ಲೀಪರ್‌ನಿಂದ ಸ್ಲೀಪರ್‌ಗೆ ನಡೆದು ನಡೆದು ಹಾಗಾಗಿತ್ತು. ನನ್ನ ಮದುವೆಯ ದಿಬ್ಬಣದಲ್ಲಿ ರೇಷ್ಮೆ ಪಂಚೆ ಉಟ್ಟುಕೊಂಡೂ ಹಾಗೇ ನಡೆದರು. ಬೀಗರ ಕಡೆಯವರು ಕಾಲು ನೋವಾ ಅಂತ ಕೇಳಿದ್ದರು! ಇನ್ನೊಂದು, ಏನು ಸಿಕ್ಕರೂ ಬೆರಳ ಗಂಟಿನಿಂದ ಕುಟ್ಟಿ ನೋಡುವುದು. ತೆಂಗಿನಕಾಯಿ, ಬಾಗಿಲ ಚೌಕಟ್ಟು, ಹೊಸ ಪಾತ್ರೆ, ಬಸ್ಸಿನ ಸೀಟಿನ ಕಂಬಿ. ಕುಟ್ಟುವುದು, ಕಿವಿ ಕೊಡುವುದು, ತಲೆ ಆಡಿಸುವುದು.

ನಾನು ಮತ್ತು ತಮ್ಮ ಆಲೂರಿನ ಹತ್ತಿರ ಅಜ್ಜಿ ಮನೆಯಲ್ಲಿ ಬೆಳೆದೆವು. ಎಡಕುಮೇರಿಯಲ್ಲಿ ಶಾಲೆ ಎಲ್ಲಿತ್ತು? ರಸ್ತೆಯೇ ಇಲ್ಲದ ಜಾಗ, ಹೋಗಬೇಕು ಅಂದರೆ ರೈಲೇ. ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ಹೋಗುತ್ತಿದ್ದೆವು. ಅಕ್ಕಿ, ಸೀಮೆಎಣ್ಣೆ, ತರಕಾರಿ ಎಲ್ಲ ರೈಲಲ್ಲೇ ಬರಬೇಕು. ಮಳೆ ಹಿಡಿದರೆ ಬಟ್ಟೆ ಒಣಗಿಸಲು ಒಲೆ ಮೇಲೆ ಹಗ್ಗ ಕಟ್ಟುತ್ತಿದ್ದರು. ಅಪ್ಪನ ಕಾಲಲ್ಲಿ ಇಂಬಳ ಕಚ್ಚಿದ ಕಲೆ ಎಷ್ಟಿತ್ತು ಅಂದರೆ ತಮ್ಮ ಎಣಿಸಿ ಎಣಿಸಿ ಲೆಕ್ಕ ತಪ್ಪಿಸಿಕೊಳ್ಳುತ್ತಿದ್ದ.

ಕೇಳಬೇಕಾದ್ದು ಎರಡು. ಅಪ್ಪನ ಜೊತೆ ಕೆಲಸ ಮಾಡಿದವರು, ಅಥವಾ ಅಂಥವರ ಮನೆಯವರು ಇಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಏನಾದರೂ ಸರಿ, ಚಿಕ್ಕದಾದರೂ ಸರಿ. ಎರಡನೆಯದು, ಪಿಪಿಒದಲ್ಲಿ ಅಮ್ಮನ ಹೆಸರು ಕರೆಯುವ ಹೆಸರಲ್ಲಿದೆ, ಆಧಾರ್‌ನಲ್ಲಿ ಪೂರ್ತಿ ಹೆಸರು. ಬ್ಯಾಂಕಿನವರು ‘ಇವರು ಅವರೇ ಅಂತ ಹೇಗೆ ನಂಬುವುದು’ ಅಂತ ಮೂರು ಸಲ ವಾಪಸ್ ಕಳಿಸಿದ್ದಾರೆ. ಅಮ್ಮ ಮೂರನೇ ಸಲ ಕೌಂಟರಿನ ಮುಂದೆಯೇ ಅತ್ತುಬಿಟ್ಟರು.

ನಿವೃತ್ತ ಗಾರ್ಡ್, ಅರಸೀಕೆರೆ:

ತಾಯಿ, ನಿಮ್ಮ ತಂದೆಗೆ ನಮಸ್ಕಾರ. ನಮ್ಮ ಹುದ್ದೆಗೆ ಈಗ ಟ್ರೈನ್ ಮ್ಯಾನೇಜರ್ ಅಂತ ಹೆಸರಾಗಿದೆ, ನಾನು ಗಾರ್ಡ್ ಆಗಿಯೇ ಮನೆಗೆ ಬಂದವನು.

ಕುಟ್ಟಿ ನೋಡುವ ಅಭ್ಯಾಸ ಅಂದಿರಲ್ಲ, ಅದು ಯಾಕೆ ಅಂತ ಹೇಳುತ್ತೇನೆ. ಮೀಟರ್ ಗೇಜಿನ, ಅಂದರೆ ಕಡಿಮೆ ಅಗಲದ ಹಳಿಯ ಕಾಲದಲ್ಲಿ ಹಳಿ ಹಿಡಿದಿಡಲು ಸ್ಲೀಪರಿಗೆ ಕಬ್ಬಿಣದ ‘ಕೀ’ ಬಡಿದಿರುತ್ತಿದ್ದರು. ಬೆಣೆ ಇದ್ದ ಹಾಗೆ. ರೈಲು ಓಡಾಡಿದಷ್ಟೂ ಅದು ಸಡಿಲ ಆಗುತ್ತದೆ. ಕೀಮ್ಯಾನ್ ಬೆಳಗ್ಗೆ ಎದ್ದು ತನ್ನ ಗ್ಯಾಂಗಿನ ಬೀಟ್ ಪೂರ್ತಿ, ಐದಾರು ಕಿಲೋಮೀಟರ್, ಒಂದು ಹಳಿ ನೋಡಿಕೊಂಡು ಹೋಗಬೇಕು. ಬರುವಾಗ ಇನ್ನೊಂದು ಹಳಿ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಚೀಲದಲ್ಲಿ ಬಾವುಟ, ಡೆಟೋನೇಟರ್ (ಹಳಿ ಮೇಲೆ ಕಟ್ಟಿದರೆ ಚಕ್ರದಡಿ ಸಿಡಿದು ಡ್ರೈವರಿಗೆ ಅಪಾಯ ತಿಳಿಸುವುದು). ಬಿಗಿಯಿದ್ದ ಕೀಗೆ ಸುತ್ತಿಗೆ ತಾಗಿದರೆ ಟಣ್ ಅನ್ನುತ್ತದೆ. ಸಡಿಲ ಇದ್ದರೆ ಡಬ್. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ನಿಮ್ಮ ತಂದೆ ಮನೆಯಲ್ಲೂ ಡ್ಯೂಟಿ ಮಾಡುತ್ತಿದ್ದರು ಅಷ್ಟೇ!

ಆ ಲೈನಿನ ಬಗ್ಗೆ ಗೊತ್ತಿಲ್ಲದವರಿಗೆ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ, ಅಂದರೆ ನೆಟ್ಟಣಕ್ಕೆ, 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 109 ಸೇತುವೆ. 50 ಅಡಿ ಮುಂದೆ ಹೋದರೆ 1 ಅಡಿ ಇಳಿಜಾರು. ಬಸ್ಸಿಗೆ ಇದು ಏನೂ ಅಲ್ಲ, ರೈಲಿಗೆ ಇದು ಗುಡ್ಡದಿಂದ ಜಾರಿದ ಹಾಗೆ. ನಾವು ಬ್ರೇಕ್ ವ್ಯಾನಿನಲ್ಲಿ ಕೂತು ಒಂದೊಂದು ಸುರಂಗ ದಾಟಿದಾಗಲೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆವು. ಆ ಲೆಕ್ಕದ ಮಧ್ಯೆ ಹಳಿ ಪಕ್ಕದಲ್ಲಿ ಒಬ್ಬ ನಿಂತಿರುತ್ತಿದ್ದ. ಕೈಯಲ್ಲಿ ಸುತ್ತಿದ ಬಾವುಟ. ಒಂದು ವಿಷಯ ಗಮನಿಸಿ, ಕೀಮ್ಯಾನ್ ಕಿಟಕಿಯಲ್ಲಿ ಕೂತ ಜನರನ್ನು ನೋಡುವುದಿಲ್ಲ. ಗಾಡಿ ಹೋಗುವಷ್ಟು ಹೊತ್ತೂ ಅವನ ಕಣ್ಣು ಚಕ್ರದ ಮೇಲೆ. ಏನಾದರೂ ಜೋತು ಬಿದ್ದಿದೆಯಾ, ಆಕ್ಸಲ್ ಬಿಸಿಯಾಗಿ ಹೊಗೆ ಬರುತ್ತಿದೆಯಾ ಅಂತ. ನಾನು ಹಿಂದಿನಿಂದ ಕೈ ಎತ್ತಿದರೆ ಮಾತ್ರ, ಕೊನೆಗೆ, ಒಂದು ಸಲ ತಲೆ ಎತ್ತುತ್ತಿದ್ದರು.

ಸುಮ್ನೆ ಓದುವವ:

ಗ್ಯಾಂಗ್‌ಮ್ಯಾನ್, ಟ್ರ್ಯಾಕ್‌ಮ್ಯಾನ್, ಈಗ ಟ್ರ್ಯಾಕ್ ಮೇಂಟೇನರ್. ಹೆಸರು ಬದಲಾಗಿದೆ, ಗುದ್ದಲಿ ಅದೇ. ಓಂ ಶಾಂತಿ.

ತಮ್ಮ:

ಅಕ್ಕ ಲಿಂಕ್ ಕಳಿಸಿದಳು. ಚೆನ್ನಾಗಿ ಬರೆದಿದ್ದಾಳೆ, ಆದರೆ ಸಿಹಿ ಸ್ವಲ್ಪ ಜಾಸ್ತಿ ಆಯಿತು. ನಾನು ನನ್ನ ಪಾಲಿನದನ್ನೂ ಹೇಳುತ್ತೇನೆ.

ಎಂಟು ವರ್ಷದವನಿದ್ದಾಗ ಎಡಕುಮೇರಿಯಲ್ಲಿ ಹಳಿ ಮೇಲೆ ಹತ್ತು ಪೈಸೆ ಇಟ್ಟೆ. ರೈಲು ಹೋದ ಮೇಲೆ ಚಪ್ಪಟೆ ಆಗುತ್ತದಲ್ಲ, ಅದಕ್ಕೆ. ಅಪ್ಪ ನೋಡಿದರು. ಮೊದಲ ಸಲ ಹೊಡೆದರು, ಹುಣಸೆ ಬರಲಿನಲ್ಲಿ. ಕಾರಣ ಹೇಳಲಿಲ್ಲ. ಹೊಡೆದು, ಆ ಹತ್ತು ಪೈಸೆ ಎತ್ತಿ ನನ್ನ ಜೇಬಿಗೆ ಹಾಕಿ, ಹಳಿಯ ಆ ಜಾಗವನ್ನು ಅಂಗಿಯ ತುದಿಯಿಂದ ಒರೆಸಿದರು. ನನಗೆ ಹೊಡೆತಕ್ಕಿಂತ ಆ ಒರೆಸಿದ್ದು ಸಿಟ್ಟು ತರಿಸಿತ್ತು. ಮಗನ ಕಾಲಲ್ಲಿ ಬಾಸುಂಡೆ, ಇವರು ಹಳಿ ಒರೆಸುತ್ತಾರೆ ಅಂತ.

ನನ್ನ ಎಸ್‌ಎಸ್‌ಎಲ್‌ಸಿ ರಿಸಲ್ಟ್ ದಿನ ಬರಲಿಲ್ಲ. ಅಜ್ಜಿ ಹೋದಾಗ ಮಣ್ಣಿಗೂ ಬರಲಾಗಲಿಲ್ಲ, ಮಳೆಗಾಲ, ರಾತ್ರಿ ಹಳಿ ಕಾಯುವ ಪೆಟ್ರೋಲಿಂಗ್ ಇತ್ತು. ಅಮ್ಮನೇ ಎಲ್ಲ ಮಾಡಿದ್ದು. ನನ್ನ ರೇಷನ್ ಕಾರ್ಡಿನಿಂದ ಹಿಡಿದು ಅಕ್ಕನ ಗಂಡು ನೋಡುವವರೆಗೂ. ‘ಕುಟುಂಬವತ್ಸಲ’ ಅಂತ ಬ್ಯಾನರಿನಲ್ಲಿ ಹಾಕಿಸಿದ್ದೇವೆ. ಆ ಪದ ನೋಡಿ ಅಮ್ಮ ಒಂದು ಥರ ನಕ್ಕರು. ಅಳುವಿನ ಮಧ್ಯೆ.

ಆದರೆ ಸಂಬಳ ಮಾತ್ರ ಒಂದು ತಿಂಗಳೂ ತಪ್ಪಿದ್ದಿಲ್ಲ. ಯಾರಾದರೂ ಆ ಕಡೆಯಿಂದ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಬುತ್ತಿ ಡಬ್ಬಿಯಲ್ಲಿ ನೋಟು, ಅದರ ಮೇಲೆ ಒಂದು ಮುಷ್ಟಿ ಕಾಡು ಮಾವಿನ ಉಪ್ಪಿನಕಾಯಿ ಮಿಡಿ. ಯಾರೂ ಕದಿಯದಿರಲಿ ಅಂತ ಮೇಲೆ ಮಿಡಿ ಹಾಕಿದ್ದಾ, ನಮಗೆ ಇಷ್ಟ ಅಂತ ಹಾಕಿದ್ದಾ, ಈಗ ಯಾರನ್ನು ಕೇಳುವುದು.

ಕೀಮ್ಯಾನ್ ಮಗಳು:

ಲೋ, ಹುಣಸೆ ಬರಲು ತಂದುಕೊಟ್ಟಿದ್ದು ನಾನು. ಅದನ್ನೂ ಬರಿ.

ಸೆಟ್ಲ್‌ಮೆಂಟ್ ಸೆಕ್ಷನ್‌ನಲ್ಲಿದ್ದವ:

ಪೆನ್ಷನ್ ವಿಷಯ ಹೇಳುತ್ತೇನೆ, ನನ್ನ 31 ವರ್ಷ ಇದರಲ್ಲೇ ಹೋಗಿದೆ.

ಮೊದಲು ಹೆಸರು. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ. ಜೊತೆಗೆ ಪಿಪಿಒ ಪ್ರತಿ, ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಪ್ಯಾನ್, ಫೋಟೋ. ಪಿಪಿಒಗೆ ಅಂಟಿಸಿದ ಜೋಡಿ ಫೋಟೋ ಇದ್ದರೆ ಅದರ ಪ್ರತಿ ಕೂಡ. ಬ್ಯಾಂಕಿನ ಜೊತೆ ಜಗಳ ಬೇಡ. ಪಿಪಿಒದಲ್ಲೇ ಹೆಸರು ತಿದ್ದುಪಡಿ ಮಾಡಿಸಿ. ಅದು ಡಿವಿಷನ್ ಆಫೀಸಿನ ಪರ್ಸನಲ್ ಬ್ರ್ಯಾಂಚ್ ಕೆಲಸ, ನಿಮಗೆ ಮೈಸೂರು. ಅಲ್ಲೂ ತಡವಾದರೆ ಪೆನ್ಷನ್ ಅದಾಲತ್‌ಗೆ, ಅಂದರೆ ಪೆನ್ಷನ್ ದೂರು ಕೇಳುವ ಸಭೆಗೆ, ಅರ್ಜಿ ಹಾಕಿ. ಅಪ್ಪನ ಜೊತೆ ಅಮ್ಮನದು ಜಂಟಿ ಖಾತೆ ಇದ್ದರೆ ಹೊಸ ಖಾತೆ ತೆರೆಯಬೇಕಿಲ್ಲ, ಅದರಲ್ಲೇ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಕೌಂಟರಿನಲ್ಲಿ ಬೇರೆ ಹೇಳಿದರೆ ಲಿಖಿತವಾಗಿ ಕೊಡಿ ಅನ್ನಿ. ಲಿಖಿತ ಅಂದ ತಕ್ಷಣ ಅರ್ಧ ಸಮಸ್ಯೆ ಮಾಯ ಆಗುತ್ತದೆ, ಅನುಭವದ ಮಾತು.

ಮೊತ್ತ: ಕೊನೆಯ ಮೂಲ ವೇತನದ, ಈಗಿನ ಪರಿಷ್ಕೃತ ಲೆಕ್ಕದಲ್ಲಿ, 30%. ಮೇಲೆ ತುಟ್ಟಿಭತ್ಯೆ. 67 ವರ್ಷದೊಳಗೆ ತೀರಿಕೊಂಡಿದ್ದರೆ ಸ್ವಲ್ಪ ಕಾಲ ಹೆಚ್ಚಿನ ದರ ಸಿಗುತ್ತಿತ್ತು, ನಿಮಗೆ ಅದು ಅನ್ವಯ ಆಗಲ್ಲ. ಅಮ್ಮನಿಗೆ 80 ತುಂಬಿದಾಗ 20% ಹೆಚ್ಚುತ್ತದೆ. ಹುಟ್ಟಿದ ದಿನಾಂಕ ಪಿಪಿಒದಲ್ಲಿ ಇಲ್ಲದಿದ್ದರೆ ಈಗಲೇ ಸೇರಿಸಿ, ಆಗ ಪರದಾಡುವುದು ತಪ್ಪುತ್ತದೆ. ಅಪ್ಪ ಹೋದ ದಿನದ ನಂತರ ಅವರ ಪೆನ್ಷನ್ ಖಾತೆಗೆ ಬಂದಿದ್ದರೆ ಮುಟ್ಟಬೇಡಿ, ವಾಪಸ್ ಹೋಗುತ್ತದೆ.

ಆ ಕ್ಯಾಶುಯಲ್ ಕಾರ್ಡ್ ಬಗ್ಗೆ. ಅದನ್ನು ಜೋಪಾನ ಮಾಡಿದ್ದಕ್ಕೆ ಕಾರಣ ಇದೆ. ಕೆಲಸ ನಡುವೆ ತುಂಡಾಗದಿದ್ದರೆ ಟೆಂಪರರಿ ಸ್ಟೇಟಸ್, ಅಂದರೆ ಕಾಯಂ ಆಗುವ ಮೊದಲ ಮೆಟ್ಟಿಲು, ಕೊಡಬೇಕಾಗುತ್ತದೆ ಅಂತ ಬ್ರೇಕ್ ಹಾಕುತ್ತಿದ್ದರು. ಹೊಸ ಲೈನ್ ಹಾಕುವ ಪ್ರಾಜೆಕ್ಟಿನ ಕೂಲಿಗಳಿಗಂತೂ ಆ ಹಕ್ಕೇ ಇರಲಿಲ್ಲ. 1985ರಲ್ಲಿ ಇಂದ್ರಪಾಲ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪ್ರಾಜೆಕ್ಟ್ ಕೂಲಿಗಳಿಗೂ 360 ದಿನ ಆದರೆ ಟೆಂಪರರಿ ಸ್ಟೇಟಸ್ ಬಂತು. ಆಗ ಯಾರ ಹತ್ತಿರ ಕಾರ್ಡ್ ಇತ್ತೋ ಅವರು ಉಳಿದರು. ಕಾರ್ಡ್ ಮಳೆಯಲ್ಲಿ ನೆನೆದು ಹಾಳಾದವರು, ಮೇಸ್ತ್ರಿ ಹತ್ತಿರ ಕೊಟ್ಟು ಕಳಕೊಂಡವರು ನನ್ನ ಟೇಬಲ್ ಮುಂದೆ ನಿಂತಿದ್ದನ್ನು ನೋಡಿದ್ದೇನೆ. ಅನ್ನದ ಅಗುಳು ಹಚ್ಚಿ ಅಂಟಿಸಿದ ಆ ಪುಸ್ತಕದ ಬೆಲೆ ನಿಮ್ಮ ಇಡೀ ಮನೆ.

ಹುಬ್ಬಳ್ಳಿ ವರ್ಕ್‌ಶಾಪ್ ಮನೆತನ:

1974 ಅಂದಿರಿ. ಅದೇ ವರ್ಷ ಮೇ 8ಕ್ಕೆ ದೇಶದ ತುಂಬ ರೈಲ್ವೆ ಮುಷ್ಕರ ಶುರುವಾಗಿದ್ದು, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳು. 20 ದಿನ ನಡೆಯಿತು. ನಮ್ಮ ದೊಡ್ಡಪ್ಪ ಕೆಲಸ ಕಳಕೊಂಡಿದ್ದರು, ಆಮೇಲೆ ವಾಪಸ್ ತಗೊಂಡರು. ಒಂದು ಕಡೆ ಪರ್ಮನೆಂಟ್ ಜನ ಕೆಲಸ ಬಿಟ್ಟು ನಿಂತಿದ್ದರು. ಇನ್ನೊಂದು ಕಡೆ ಕಾಡಿನಲ್ಲಿ ದಿನಗೂಲಿ ಜನ ಹೊಸ ಲೈನ್ ಹಾಕುತ್ತಿದ್ದರು. ಅವರಿಗೆ ಮುಷ್ಕರ ಮಾಡಲು ಕೆಲಸವೇ ಗಟ್ಟಿ ಇರಲಿಲ್ಲ. ನಮ್ಮ ಮನೆಯಲ್ಲಿ ಈ ಮಾತು ಯಾರೂ ಎತ್ತಿದ್ದಿಲ್ಲ.

ಘಾಟಿ ಚಾರಣಿಗ:

ನಾನು ಬೆಂಗಳೂರಿನ ಐಟಿ ಹುಡುಗ, ಹುಡುಗ ಅಂದರೆ ಈಗ 41. ತಪ್ಪೊಪ್ಪಿಗೆ ಅಂತಲೇ ತಿಳಿಯಿರಿ.

ಮೀಟರ್ ಗೇಜ್ 1996ರಲ್ಲಿ ನಿಂತ ಮೇಲೆ, ಬ್ರಾಡ್ ಗೇಜಿನ ಅಗಲ ಹಳಿ ಹಾಕುವವರೆಗೆ, ಹತ್ತು ವರ್ಷ ಆ ದಾರಿಯಲ್ಲಿ ರೈಲು ಇರಲಿಲ್ಲ. ದೋಣಿಗಲ್‌ನಿಂದ ಎಡಕುಮೇರಿಗೆ ಹಳಿ ಮೇಲೆ ನಡೆಯುವುದು ಆಗ ದೊಡ್ಡ ಚಾರಣ, ಗ್ರೀನ್ ರೂಟ್ ಅಂತಿದ್ದರು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರ್‌ನಲ್ಲಿ ಪ್ಯಾಸೆಂಜರ್ ಶುರುವಾಯಿತು. ನಾವು ಬುದ್ಧಿ ಇಲ್ಲದೆ ಆಮೇಲೂ ಹೋದೆವು. ಐದು ಜನ, ಒಂದು ಟಾರ್ಚ್.

ಒಂದು ಸುರಂಗದ ಮಧ್ಯೆ ಇದ್ದಾಗ ಹಳಿ ಸಣ್ಣಗೆ ಗುಂಯ್ ಅನ್ನಲು ಶುರುವಾಯಿತು. ನಮಗೆ ಅರ್ಥ ಆಗಲಿಲ್ಲ. ಹಿಂದಿನಿಂದ ಒಬ್ಬ ವಯಸ್ಸಾದವರು ಬಂದರು, ನಡಿಗೆ ಚಿಕ್ಕ ಚಿಕ್ಕ ಹೆಜ್ಜೆ, ಆದರೆ ಎಂಥ ವೇಗ! ನನ್ನ ಕಾಲರ್ ಹಿಡಿದು ಗೋಡೆಯ ಗೂಡಿಗೆ ತಳ್ಳಿದರು. ಉಳಿದವರನ್ನು ಮುಂದಿನ ಗೂಡಿಗೆ. ಗಾಳಿ, ಹೊಗೆ, ಸದ್ದು, ಹಲ್ಲಿನ ಒಳಗೆಲ್ಲ ನಡುಕ. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಮುಗಿದ ಮೇಲೆ ಅವರು ಬೈದಿದ್ದು ಮೂರೇ ಮಾತು. ‘ಮನೇಲಿ ಅಪ್ಪ ಅಮ್ಮ ಇಲ್ವೇನ್ರೋ?’ ಆಮೇಲೆ ಬಾಟಲಿಯಿಂದ ನೀರು ಕೊಟ್ಟು, ಎಡಕುಮೇರಿವರೆಗೂ ನಮ್ಮ ಹಿಂದೆ ನಡೆದುಬಂದು, ಸ್ಟೇಷನ್‌ನಲ್ಲಿ ಒಪ್ಪಿಸಿದರು.

ನಿಮ್ಮ ತಂದೆಯೇ ಅಂತ ಹೇಳಲಾರೆ, ಹೆಸರು ಕೇಳುವಷ್ಟು ಧೈರ್ಯ ಇರಲಿಲ್ಲ. ನಡಿಗೆ ಓದಿದಾಗ ಕೈ ನಿಂತಿತು. ಈಗಲೂ ಯಾರಾದರೂ ಆ ದಾರಿಯಲ್ಲಿ ನಡೆಯಲು ಯೋಚಿಸಿದ್ದರೆ ಬೇಡ. ಅದು ಅಪರಾಧ ಕೂಡ.

ಹಳೆ ಗ್ಯಾಂಗ್, ಮಗನ ಫೋನಿಂದ:

ಅಪ್ಪ ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಅವರಿಗೆ 76, ಕಣ್ಣು ಮಂಜು, ಮಾತು ಜೋರು.

‘ಅವನು ನಮ್ಮ ಗ್ಯಾಂಗೇ. ಕಡಗರವಳ್ಳಿ ಕಡೆ ಬೀಟ್. ಮಳೆಗಾಲದಲ್ಲಿ ರಾತ್ರಿ ಪೆಟ್ರೋಲು. ಅವನು ಆ ಕಡೆಯಿಂದ, ನಾನು ಈ ಕಡೆಯಿಂದ. ಮಧ್ಯೆ ಸೇರಿ ಪುಸ್ತಕ ಅದಲು ಬದಲು ಮಾಡಿಕೊಂಡು ತಿರುಗಬೇಕು. ಪುಸ್ತಕ ಅದಲು ಬದಲಾಗಿಲ್ಲ ಅಂದರೆ ಒಬ್ಬ ನಡೆದಿಲ್ಲ ಅಂತ ಲೆಕ್ಕ. ಎಷ್ಟೋ ರಾತ್ರಿ ಮಾತಿಲ್ಲ. ಮಳೆ ಸದ್ದಿಗೆ ಕೇಳಿಸುವುದೂ ಇಲ್ಲ. ಪುಸ್ತಕ ಕೊಡು, ಬೀಡಿ ಹಚ್ಚು, ತಿರುಗು.

ಒಂದು ರಾತ್ರಿ ಅವನು ಬರಲಿಲ್ಲ. ನಾನು ಮುಂದೆ ಹೋದೆ. ಪಟಾಕಿ ಸದ್ದು ಕೇಳಿಸಿತು, ಡಬಡಬ ಅಂತ. ಗೂಡ್ಸ್ ನಿಂತಿತ್ತು. ಗುಡ್ಡದ ಮಣ್ಣು ಬಂದಿದೆ ಅಂತ ಹಳಿ ಮೇಲೆ ಪಟಾಕಿ ಕಟ್ಟಿ, ಕೆಂಪು ದೀಪ ಹಿಡಿದು ಓಡಿದ್ದಾನೆ. ಹೋಗಿ ನೋಡಿದರೆ ಒಂದು ಗಾಡಿ ಮಣ್ಣು, ಅಷ್ಟೇ. ಹಳಿ ಮುಚ್ಚಿರಲಿಲ್ಲ. ಸಲಿಕೆಯಲ್ಲಿ ಎಳೆದೆವು. 25 ನಿಮಿಷ ಲೇಟು. ಮೇಲಿನವರೊಬ್ಬರು ಯಾಕೆ ನಿಲ್ಲಿಸಿದೆ ಅಂತ ಕಾಗದ ಕೊಟ್ಟರು. ಅವನು ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಉತ್ತರ ಬರೆಸಿದ. ಏನಂತ? ಇನ್ನೊಂದು ಸಲ ಹಾಗೇ ಕಂಡರೆ ಇನ್ನೊಂದು ಸಲ ನಿಲ್ಲಿಸ್ತೀನಿ ಅಂತ. ಮಾಸ್ಟರು ಸ್ವಲ್ಪ ಮೆತ್ತಗೆ ಬರೆಯೋಣ ಅಂದರೂ ಬಿಡಲಿಲ್ಲ. ಕೆಳಗೆ ತಾನೇ ಸಹಿ ಮಾಡಿದ. ಅವನ ಸಹಿ ಹಾಕುವಾಗ ನಾಲಿಗೆ ಹೊರಗೆ ಬರುತ್ತಿತ್ತು, ಮಕ್ಕಳ ಹಾಗೆ.’

ಇಷ್ಟು ಹೇಳಿ ಅಪ್ಪ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು, ‘1996ರಲ್ಲಿ ಮೀಟರ್ ಗೇಜ್ ನಿಂತಾಗ ಅವನನ್ನು ಅರಸೀಕೆರೆ ಕಡೆ ಹಾಕಿದರು. ಅಲ್ಲಿ ಕಾಂಕ್ರೀಟ್ ಸ್ಲೀಪರು, ಕ್ಲಿಪ್ಪು. ಕೀ ಇಲ್ಲ, ಆದರೂ ಕೀಮ್ಯಾನ್ ಅಂತಲೇ ಹೆಸರು. ಇದು ಮಾತೇ ಆಡಲ್ಲ ಕಣೋ ಅಂತಿದ್ದ’ ಅಂದರು.

ನಿವೃತ್ತ ಗಾರ್ಡ್, ಅರಸೀಕೆರೆ:

ಪಟಾಕಿ ಅಂದರೆ ಡೆಟೋನೇಟರ್. ಹುಡುಗರಿಗೆ ಗೊತ್ತಿರಲಿ. ಮೀಟರ್ ಗೇಜಿನಲ್ಲಿ ಅಪಾಯದ ಜಾಗದಿಂದ 400 ಮೀಟರಿಗೆ ಒಂದು, 800 ಮೀಟರಿಗೆ ಮೂರು, ಹತ್ತತ್ತು ಮೀಟರ್ ಬಿಟ್ಟು. ಬ್ರಾಡ್ ಗೇಜಿನಲ್ಲಿ ಅದು 600 ಮತ್ತು 1200. ಆ ಇಳಿಜಾರಿನಲ್ಲಿ, ಕತ್ತಲೆ ಮಳೆಯಲ್ಲಿ, ಜಲ್ಲಿ ಮೇಲೆ 800 ಮೀಟರ್ ಓಡಿ ನೋಡಿ. 25 ನಿಮಿಷ ಲೇಟಂತೆ! 2018ರಲ್ಲಿ, 2024ರಲ್ಲಿ ಅದೇ ಘಾಟಿಯಲ್ಲಿ ಗುಡ್ಡ ಕುಸಿದು ರೈಲೇ ನಿಂತುಹೋಗಿದ್ದು ಎಲ್ಲರೂ ಪೇಪರಿನಲ್ಲಿ ಓದಿದ್ದೇವೆ. ಕುಸಿಯುವ ಮೊದಲು ಅದು ಹೀಗೇ, ಒಂದು ಗಾಡಿ ಮಣ್ಣಾಗಿಯೇ ಬರುತ್ತದೆ.

ತಮ್ಮ:

ಈ ಕಾಗದದ ವಿಷಯ ನಮಗೆ ಗೊತ್ತೇ ಇರಲಿಲ್ಲ. ಅಂಕಲ್ ಅವರ ನಂಬರ್ ಅಕ್ಕನಿಗೆ ಮೆಸೇಜ್ ಮಾಡುತ್ತೀರಾ? ಮಾತಾಡಬೇಕು.

ಕೀಮ್ಯಾನ್ ಮಗಳು:

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅಫಿಡವಿಟ್ ಮಾಡಿಸಿ ಮೈಸೂರಿಗೆ ಹೋದೆವು. ಹೆಸರು ಸರಿಯಾಯಿತು. ಹುಟ್ಟಿದ ದಿನಾಂಕವನ್ನೂ ಸೇರಿಸಿದರು. ಮೊನ್ನೆ ಮೊದಲ ಫ್ಯಾಮಿಲಿ ಪೆನ್ಷನ್ ಬಂತು. ಸೆಟ್ಲ್‌ಮೆಂಟ್ ಅಣ್ಣನಿಗೆ ಕೋಟಿ ನಮಸ್ಕಾರ. ‘ಲಿಖಿತವಾಗಿ ಕೊಡಿ’ ಅಂದಿದ್ದು ನಿಜವಾಗಲೂ ಕೆಲಸ ಮಾಡಿತು.

ಅಮ್ಮನಿಗೆ ಘಾಟಿ ನೋಡಬೇಕು ಅನ್ನಿಸಿತ್ತು. ರೈಲ್ವೆಯ ಉಚಿತ ವಿಧವಾ ಪಾಸ್ ಬರುವವರೆಗೆ ಕಾಯೋಣ ಅಂದೆ, ಕೇಳಲಿಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡೆವು, ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಸಕಲೇಶಪುರದಿಂದ ಹಗಲು ರೈಲು. ತಮ್ಮನೂ ಬಂದ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಜನ ಪ್ರತಿ ಸುರಂಗಕ್ಕೂ ಕೂಗುತ್ತಿದ್ದರಂತೆ, ನಮ್ಮ ಬೋಗಿಗೂ ಕೇಳಿಸುತ್ತಿತ್ತು. ಅಮ್ಮ ಸೆರಗಿನ ತುದಿ ಬಾಯಿಗೆ ಹಿಡಿದು ಸುಮ್ಮನೆ ಕೂತಿದ್ದರು. ಎಡಕುಮೇರಿ ಬಂದಾಗ ‘ಆ ಹಲಸಿನ ಮರ ಕಡಿದಿದ್ದಾರೆ’ ಅಂದರು. ಅಷ್ಟೇ.

ಅದಾದ ಮೇಲೆ ಒಂದು ಸೇತುವೆ ದಾಟಿದ ಕೂಡಲೇ, ತಿರುವಿನಲ್ಲಿ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಹುಡುಗ ನಿಂತಿದ್ದ. ಹೆಗಲ ಮೇಲೆ ಸುತ್ತಿಗೆ. ಅಮ್ಮ ಕಿಟಕಿಯ ಕಂಬಿಯಿಂದ ಕೈ ಹೊರಗೆ ಹಾಕಿ ಆಡಿಸಿದರು. ಅವನು ನೋಡಲಿಲ್ಲ. ಅವನ ಕಣ್ಣು ಕೆಳಗೆ, ಚಕ್ರದ ಮೇಲಿತ್ತು.

‘ಸರಿಯಾಗಿದ್ದಾನೆ’ ಅಂದರು ಅಮ್ಮ, ಕೈ ಒಳಗೆ ತಗೊಂಡು.